ಮಣ್ಣಲ್ಲಿ ಸಿಕ್ಕ ಯುದ್ಧದ ಮೆಡಲ್ ಯಾವ್ದು, ಯಾರ್ದು? ಪದೇ ಪದೇ ಕೇಳುವ ಪ್ರಶ್ನೆಗಳು

ನೆಲದೊಳಗಿನ ಲೋಹ ಹುಡುಕೋ ಡಿಟೆಕ್ಟರ್ ಹಿಡ್ಕೊಂಡು ಓಡಾಡೋರಿಗೆ ಒಂದಲ್ಲ ಒಂದು ದಿನ ಮೆಡಲ್ ಸಿಗತ್ತೆ. ಸಿಕ್ಕ ತಕ್ಷಣ ಎಲ್ಲರೂ ಮಾಡೋದು ಒಂದೇ, ರಾಜನ ಮುಖ ಇರೋ ಕಡೆ ಒಂದು ಮಬ್ಬು ಫೋಟೋ ತೆಗೆದು "ಇದೇನು, ಎಷ್ಟು ಬಾಳತ್ತೆ" ಅಂತ ಕೇಳೋದು. ಮುಖ ನೋಡಿದ್ರೆ ಯಾವ ಯುದ್ಧ ಅಂತ ಗೊತ್ತಾಗತ್ತೆ ಅಷ್ಟೆ, ಯಾರ್ದು ಅನ್ನೋದು ಇರೋದು ಅಂಚಲ್ಲಿ, ಆ ಅಂಚಿನ ಫೋಟೋ ಮಾತ್ರ ಯಾರೂ ಹಾಕಲ್ಲ. ಅದಕ್ಕೇ ಮತ್ತೆ ಮತ್ತೆ ಬರೋ ಪ್ರಶ್ನೆಗಳಿಗೆಲ್ಲ ಒಂದೇ ಕಡೆ ಉತ್ತರ ಬರೆದಿದೀನಿ. ಬ್ರಿಟಿಷ್ ಮೆಡಲ್‌ಗಳ ಮಾತು ಜಾಸ್ತಿ ಬರತ್ತೆ, ಯಾಕಂದ್ರೆ ಸಾಮಾನ್ಯ ಸಿಪಾಯಿಗೂ ಹೆಸರು ಒತ್ತಿಸಿ ಮೆಡಲ್ ಕೊಟ್ಟಿದ್ದು ಹೆಚ್ಚಾಗಿ ಅವರೇ.

ಈಗಷ್ಟೇ ಸಿಕ್ತು, ಇನ್ನೂ ಗುಂಡಿ ಮುಂದೆನೇ ಕೂತಿದೀನಿ. ಮೊದಲು ಏನ್ ಮಾಡ್ಲಿ?

ಹೆಬ್ಬೆರಳಲ್ಲಿ ಉಜ್ಜಬೇಡಿ. ಎಲ್ಲರಿಗೂ ಕೈ ತಾನಾಗೇ ಹೋಗತ್ತೆ, ಗೊತ್ತು, ಆದ್ರೆ ಮಣ್ಣಲ್ಲಿರೋ ಮರಳಿನ ಕಣ ಬೆಳ್ಳಿ ಮೇಲೆ ಗೀರು ಹಾಕತ್ತೆ, ಆ ಗೀರು ಆಮೇಲೆ ಹೋಗಲ್ಲ. ಮಣ್ಣು ಅಂಟಿಕೊಂಡಿದ್ದಂಗೇ ಒಂದು ಡಬ್ಬಿಗೆ ಹಾಕಿ. ಜಾಗದ ಜಿಪಿಎಸ್ ಪಾಯಿಂಟು, ಎಷ್ಟು ಆಳದಲ್ಲಿತ್ತು ಅನ್ನೋದು ಫೋನಲ್ಲಿ ಬರ್ಕೊಳ್ಳಿ. ಆಮೇಲೆ ಗುಂಡಿ ಮುಚ್ಚೋಕೆ ಮುಂಚೆ ಕೈಯಲ್ಲಿ ಹಿಡಿಯೋ ಸಣ್ಣ ಡಿಟೆಕ್ಟರ್, ಅಂದ್ರೆ ಪಿನ್‌ಪಾಯಿಂಟರ್ ಇನ್ನೊಂದ್ಸಲ ಗುಂಡಿ ಒಳಗೆ, ಪಕ್ಕದ ಗೋಡೆಗೆ, ತೆಗೆದು ಹಾಕಿರೋ ಮಣ್ಣಿಗೆ ಎಲ್ಲಾ ಕಡೆ ಆಡಿಸಿ. ಮೆಡಲ್ ನೇತಾಕೋ ಕೊಂಡಿ, ರಿಬ್ಬನ್ ಮೇಲಿನ ಪಟ್ಟಿ, ಪಿನ್ನು, ಒಮ್ಮೊಮ್ಮೆ ಜೊತೆಯ ಇನ್ನೊಂದು ಮೆಡಲ್ಲೇ ಅಲ್ಲೇ ಇರತ್ತೆ, ಇವೆಲ್ಲ ಬೆರಳುಗುರಿನಷ್ಟು ಸಣ್ಣ ತುಂಡುಗಳು, ಬಿಟ್ಟು ಬಂದ್ರೆ ಮತ್ತೆ ಸಿಗಲ್ಲ.

ಮೆಡಲ್‌ಗೆ ಬಟ್ಟೆ ಎಳೆ ಅಂಟಿಕೊಂಡಿದ್ರೆ ಕಿತ್ತು ಹಾಕಬೇಡಿ. ಮಣ್ಣಲ್ಲಿ ಬಟ್ಟೆ ಕೊಳೆಯತ್ತೆ, ಆದ್ರೆ ತಾಮ್ರ ಇರೋ ಲೋಹಕ್ಕೆ ತಾಗಿಕೊಂಡಿದ್ದ ಭಾಗ ಉಳಿಯೋದುಂಟು, ತಾಮ್ರದ ಲವಣಕ್ಕೆ ಸೂಕ್ಷ್ಮಜೀವಿಗಳು ಸಾಯ್ತವೆ. ಆ ಎರಡು ಎಳೆ ಬಣ್ಣದಲ್ಲೇ ರಿಬ್ಬನ್ ಯಾವ್ದು ಅಂತ ಹೇಳಬಹುದು.

ಗುಂಡಿಯಲ್ಲಿ ಮೂಳೆ ಕಂಡ್ರೆ, ಶೆಲ್ಲು ಗ್ರೆನೇಡು ಥರದ್ದೇನಾದ್ರೂ ಕಂಡ್ರೆ, ಅಲ್ಲಿಗೇ ನಿಲ್ಲಿಸಿ, ದೂರ ಬಂದು ಪೊಲೀಸ್‌ಗೆ ಹೇಳಿ. ಫ್ರಾನ್ಸ್, ಬೆಲ್ಜಿಯಂ ಹೊಲಗಳಲ್ಲಿ 1914-18ರ ಸಿಡಿಯದ ಶೆಲ್‌ಗಳು ಈಗಲೂ ಪ್ರತಿ ವರ್ಷ ಉಳುಮೆಗೆ ಸಿಗ್ತಾವೆ, ಜನ ಸತ್ತಿದಾರೆ.

ತೊಳೀಬಹುದಾ? ಹೊಳೆಯೋ ಥರ ಮಾಡಬಹುದಾ?

ತೊಳೀಬಹುದು, ಹೊಳೆಯೋ ಥರ ಮಾಡಬಾರದು. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಮಣ್ಣು ಮೆತ್ತಗಾದ ಮೇಲೆ ಮೃದು ಬ್ರಶ್ಶಲ್ಲಿ ಉಜ್ಜದೆ ತಟ್ಟಿ ತಟ್ಟಿ ತೆಗೀರಿ, ಒಣಗಿಸಿ, ಅಷ್ಟೇ. ವಿನೆಗರ್, ನಿಂಬೆಹುಳಿ, ಟೂತ್‌ಪೇಸ್ಟ್, ವೈರ್ ಬ್ರಶ್, ಬ್ರಾಸೋ, ಯಾವ್ದೂ ಬೇಡ. ಇಂಟರ್ನೆಟ್ಟಲ್ಲಿ ಫಾಯಿಲ್ ಮತ್ತೆ ಸೋಡಾ ಹಾಕಿ ಕುದಿಸೋ ವಿಡಿಯೋ ಓಡಾಡ್ತಾ ಇರತ್ತೆ, ಅದನ್ನ ಚಮಚಕ್ಕೆ ಮಾಡ್ಕೊಳ್ಳಿ, ಮೆಡಲ್‌ಗೆ ಬೇಡ.

ಕಾರಣ ಏನಂದ್ರೆ ಅಂಚಿನ ಅಕ್ಷರಗಳ ಆಳ ತುಂಬಾ ಕಮ್ಮಿ. ಎಷ್ಟೋ ಸಲ ಆ ಅಕ್ಷರದ ಒಳಗೆ ಕೂತಿರೋ ಕಪ್ಪೇ ಅದನ್ನ ಓದೋ ಥರ ಇಟ್ಟಿರತ್ತೆ, ಪಾಲಿಶ್ ಮಾಡಿದ್ರೆ ಅಕ್ಷರವೂ ಹೋಯ್ತು, ಕಪ್ಪೂ ಹೋಯ್ತು, ಉಳಿದಿದ್ದು ಹೊಳೆಯೋ ತಟ್ಟೆ. ಕಂಚಿನ ಮೇಲಿನ ಗಟ್ಟಿ ನಯವಾದ ಹಸಿರು ಪದರ ತೊಂದರೆ ಕೊಡಲ್ಲ, ಅದು ಲೋಹವನ್ನ ಕಾಪಾಡ್ತಾ ಇರತ್ತೆ. ತಿಳಿ ಹಸಿರು ಪುಡಿ ಪುಡಿಯಾಗಿ ಉದುರ್ತಾ ಇದ್ರೆ ಮಾತ್ರ ಹುಷಾರು, ಅದು ಕ್ಲೋರೈಡ್‌ನಿಂದ ಆಗೋ ಕಾಯಿಲೆ, ತೇವ ಇದ್ದಷ್ಟು ದಿನ ಲೋಹ ತಿಂತಾ ಹೋಗತ್ತೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು ಮ್ಯೂಸಿಯಂನ ಕನ್ಸರ್ವೇಟರ್ (ಹಳೇ ವಸ್ತು ಕಾಪಾಡೋ ತಜ್ಞ) ಯಾರಾದ್ರೂ ಸಿಕ್ಕಿದ್ರೆ ತೋರಿಸಿ.

ಇದು ಮೆಡಲ್ಲೇ ಹೌದಾ, ಬೇರೆ ಏನಾದ್ರೂ ಇರಬಹುದಾ?

ಬೇರೆ ಏನಾದ್ರೂ ಇರೋ ಸಾಧ್ಯತೆನೇ ಜಾಸ್ತಿ. ಬ್ರಿಟನ್ ಕಡೆ 1902, 1911, 1937ರ ಪಟ್ಟಾಭಿಷೇಕಕ್ಕೆ, 1919ರ ಶಾಂತಿ ಸಂಭ್ರಮಕ್ಕೆ ಅಂತ ಊರೂರಲ್ಲಿ ಶಾಲೆ ಮಕ್ಕಳಿಗೆ ಹಂಚಿದ ಮೆಡಲ್‌ಗಳು ಲೆಕ್ಕ ಇಲ್ಲದಷ್ಟಿವೆ, ತೆಳ್ಳಗೆ ಹಗುರಾಗಿ ಇರ್ತಾವೆ, ಮೇಲೆ ಒಂದು ಸಣ್ಣ ತೂತು. ಕ್ರೈಸ್ತರ ಕೊರಳಿನ ಪದಕ, ಮದ್ಯಪಾನ ವಿರೋಧಿ ಸಂಘಗಳ ಪದಕ, ಶಾಲೆಗೆ ತಪ್ಪದೆ ಬಂದಿದ್ದಕ್ಕೆ ಕೊಟ್ಟಿದ್ದು, ಟೋಪಿ ಬ್ಯಾಡ್ಜು, ಇವೆಲ್ಲ ಮೆಡಲ್ ಅಂತ ಬರ್ತಾ ಇರ್ತಾವೆ.

ಎರಡನ್ನ ಮಾತ್ರ ಬೇರೆಯಾಗಿ ಹೇಳ್ಬೇಕು. ಒಂದು, ರೂಪಾಯಿ ಥರ ದುಂಡಗೆ, ನಡುವೆ ರಾಜನ ಹೆಸರಿನ ಅಕ್ಷರ, ಸುತ್ತ "ಫಾರ್ ಕಿಂಗ್ ಅಂಡ್ ಎಂಪೈರ್, ಸರ್ವಿಸಸ್ ರೆಂಡರ್ಡ್" ಅಂತಿರೋ ಬೆಳ್ಳಿ ಬ್ಯಾಡ್ಜು. ಇದು ಸಿಲ್ವರ್ ವಾರ್ ಬ್ಯಾಡ್ಜ್, 1916ರಲ್ಲಿ ಶುರುವಾಗಿದ್ದು, ಗಾಯ ಅಥವಾ ಕಾಯಿಲೆಯಿಂದ ಸೈನ್ಯದಿಂದ ಬಿಡುಗಡೆ ಆದವರಿಗೆ ಕೊಟ್ಟಿದ್ದು. ಹಿಂದೆ ಒಂದು ನಂಬರ್ ಇರತ್ತೆ, ಅದು ಸೈನಿಕನ ರೆಜಿಮೆಂಟಲ್ ನಂಬರ್ ಅಲ್ಲ, ಬ್ಯಾಡ್ಜಿನ ನಂಬರ್, ಆದ್ರೆ ಅದರ ರಿಜಿಸ್ಟರ್ ಉಳಿದಿದೆ, ಅದ್ರಿಂದ ಹೆಸರಿಗೆ ಹೋಗಬಹುದು. ಇನ್ನೊಂದು, ಸುಮಾರು 12 ಸೆಂಟಿಮೀಟರ್ ಅಗಲದ ದೊಡ್ಡ ಕಂಚಿನ ಬಿಲ್ಲೆ, ಸಿಂಹ, ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಹೆಣ್ಣಿನ ರೂಪ), ಒಂದು ಚೌಕದೊಳಗೆ ಹೆಸರು. ಅದು ಮೆಡಲ್ ಅಲ್ಲ, ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ ಸ್ಮಾರಕ ಫಲಕ. ಅದರ ಮೇಲೆ ಹೆಸರು ಮಾತ್ರ, ದರ್ಜೆ ಬೇಕಂತಲೇ ಹಾಕಿಲ್ಲ, ಅಧಿಕಾರಿ ಸಿಪಾಯಿ ಅಂತ ಭೇದ ಕಾಣಬಾರದು ಅಂತ.

ಅಂಚಲ್ಲಿ ಏನೋ ಅಕ್ಷರ ಇದ್ದಂಗಿದೆ, ಓದೋಕೆ ಆಗ್ತಿಲ್ಲ. ಏನ್ ಮಾಡೋದು?

ಕತ್ತಲೆ ರೂಮು, ಒಂದು ಟಾರ್ಚು. ಬೆಳಕನ್ನ ಮೇಲಿಂದ ಬಿಡದೆ ಅಂಚಿಗೆ ಸಮಾನಾಂತರವಾಗಿ, ಹೆಚ್ಚುಕಮ್ಮಿ ಮಲಗಿಸಿದ ಥರ ಪಕ್ಕದಿಂದ ಬಿಡಿ. ತಗ್ಗಲ್ಲಿ ನೆರಳು ಕೂರತ್ತೆ, ಅಕ್ಷರ ಎದ್ದು ಬರತ್ತೆ. ಮೆಡಲ್‌ನ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಫೋಟೋ ತೆಗೀತಾ ಹೋಗಿ, ಪ್ರತಿ ಫೋಟೋನಲ್ಲೂ ಹಿಂದಿನದ್ದರ ಒಂದೆರಡು ಅಕ್ಷರ ಬರೋ ಥರ ನೋಡ್ಕೊಳ್ಳಿ, ಆಮೇಲೆ ಫೋನಲ್ಲಿ ಕಾಂಟ್ರಾಸ್ಟ್ ಏರಿಸಿ. ಒಂದೇ ಜಾಗಕ್ಕೆ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಬೆಳಕು ಬಿಟ್ಟು ನೋಡಿ, ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣತ್ತೆ. 3 ಮತ್ತೆ 8, 1 ಮತ್ತೆ 7 ಇವುಗಳ ಗೊಂದಲ ಬಗೆಹರಿಯೋದು ಹೀಗೇನೇ. ಇದೂ ಆಗ್ಲಿಲ್ಲ ಅಂದ್ರೆ ತೆಳು ಕಾಗದ ಸುತ್ತಿ ಮೃದು ಪೆನ್ಸಿಲ್‌ನ ಅಡ್ಡಡ್ಡ ಆಡಿಸಿ.

1914-18ರ ಬ್ರಿಟಿಷ್ ಮೆಡಲ್ ಆದ್ರೆ ಕ್ರಮ ಹೀಗಿರತ್ತೆ: ನಂಬರ್, ದರ್ಜೆ, ಇನಿಷಿಯಲ್, ಮನೆತನದ ಹೆಸರು, ಕೊನೆಗೆ ಪಡೆಯ ಹೆಸರು ಚುಟುಕಾಗಿ. ಆರ್.ಎಫ್.ಎ. ಅಂದ್ರೆ ರಾಯಲ್ ಫೀಲ್ಡ್ ಆರ್ಟಿಲರಿ, ಎ.ಎಸ್.ಸಿ. ಅಂದ್ರೆ ಆರ್ಮಿ ಸರ್ವಿಸ್ ಕೋರ್, ಆರ್.ಇ. ಅಂದ್ರೆ ರಾಯಲ್ ಇಂಜಿನಿಯರ್ಸ್. ನಂಬರ್ ಇಲ್ಲದೆ ದರ್ಜೆ ಮತ್ತೆ ಹೆಸರಷ್ಟೇ ಇದ್ರೆ ಅಧಿಕಾರಿಯದ್ದು ಅಂತ ಊಹಿಸಬಹುದು, ಬ್ರಿಟಿಷ್ ಭೂಸೇನೆ ಅಧಿಕಾರಿಗಳ ಮೆಡಲ್‌ನಲ್ಲಿ ಸಾಮಾನ್ಯವಾಗಿ ರೆಜಿಮೆಂಟ್ ಹೆಸರೂ ಹಾಕ್ತಿರಲಿಲ್ಲ. ನೌಕಾಪಡೆಯದ್ದಾದ್ರೆ ನಂಬರ್ ಮುಂದೆ ಇಂಗ್ಲಿಷ್ ಅಕ್ಷರ ಇರತ್ತೆ, ಜೆ ಅಂದ್ರೆ ನಾವಿಕ, ಕೆ ಅಂದ್ರೆ ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋ ಸ್ಟೋಕರ್.

ಇಲ್ಲೊಂದು ವಿಷಯಕ್ಕೆ ತುಂಬಾ ಜನ ಮೋಸ ಹೋಗ್ತಾರೆ. ಅಂಚಿನ ಮೇಲಿರೋ ಪಡೆ ಅವನು ಯುದ್ಧಭೂಮಿಗೆ ಮೊದಲು ಕಾಲಿಟ್ಟಾಗ ಇದ್ದ ಪಡೆ, ಕೊನೆಗೆ ಇದ್ದಿದ್ದಲ್ಲ. ಆಮೇಲೆ ಎರಡು ಮೂರು ಕಡೆ ವರ್ಗ ಆಗಿರಬಹುದು. ಇನ್ನು 1920ಕ್ಕೆ ಮುಂಚೆ ನಂಬರ್ ಅನ್ನೋದು ಇಡೀ ಸೈನ್ಯಕ್ಕೆ ಒಂದೇ ಸಾಲಲ್ಲಿ ಇರಲಿಲ್ಲ, ಪ್ರತಿ ರೆಜಿಮೆಂಟೂ ತನ್ನ ಪಾಡಿಗೆ ಕೊಡ್ತಿತ್ತು, ಒಂದೇ ನಂಬರ್ ಹತ್ತಾರು ಜನಕ್ಕೆ ಇರತ್ತೆ. ಹಾಗಾಗಿ ಬರೀ ನಂಬರ್ ಹಾಕಿ ಹುಡುಕಿ "ಸಿಕ್ಬಿಟ್ಟ" ಅನ್ನಬೇಡಿ, ಹೆಸರು, ನಂಬರ್, ಪಡೆ ಮೂರೂ ಹೊಂದಬೇಕು.

ಕುದುರೆ ಮೇಲೆ ಬತ್ತಲೆ ಮನುಷ್ಯ ಇದಾನೆ, ಇದು ಯಾವ್ದು?

ಬ್ರಿಟಿಷ್ ವಾರ್ ಮೆಡಲ್, 1914-20. ಮುಂದೆ ಎಡಕ್ಕೆ ತಿರುಗಿರೋ ಐದನೇ ಜಾರ್ಜ್ ತಲೆ, ಹಿಂದೆ ಕುದುರೆ ಮೇಲೆ ಸೇಂಟ್ ಜಾರ್ಜ್, ಕುದುರೆ ಕಾಲ ಕೆಳಗೆ ಪ್ರಷ್ಯಾದ ಹದ್ದಿನ ಗುರಾಣಿ, ತಲೆಬುರುಡೆ, 1914, 1918 ಅಂತ ಇಸವಿ. ಅಗಲ 36 ಮಿಲಿಮೀಟರ್. ಸುಮಾರು 65 ಲಕ್ಷ ಬೆಳ್ಳಿಯಲ್ಲಿ ಹಂಚಿದಾರೆ, ಆದ್ದರಿಂದ ಅಪರೂಪದ್ದಲ್ಲ. ಇದೇ ಚಿತ್ರ ಕಂಚಿನಲ್ಲಿ ಸಿಕ್ಕಿದ್ರೆ ಅದು ಬೇರೆ ಕಥೆ: ಚೀನಾ, ಮಾಲ್ಟಾ, ಭಾರತದಿಂದ ಹೋದ ಕೂಲಿ ಪಡೆಗಳವರಿಗೆ ಕಂಚಿನದ್ದು ಕೊಟ್ರು, ಅವು ಸುಮಾರು 1,10,000 ಮಾತ್ರ. ಕಂದಕ ಅಗೆದೋನಿಗೂ, ಹೆಣ ಹೂತೋನಿಗೂ ಬೆಳ್ಳಿ ಇಲ್ಲ ಅಂತ ಲೆಕ್ಕ ಹಾಕಿದ ಆಫೀಸು ಅದು.

ಜೊತೆಗೆ ಬರೋದು ವಿಕ್ಟರಿ ಮೆಡಲ್. ಅದೂ 36 ಮಿಲಿಮೀಟರ್, ಕಂಚು, ರೆಕ್ಕೆ ಇರೋ ದೇವತೆ, ಹಿಂದೆ "ದ ಗ್ರೇಟ್ ವಾರ್ ಫಾರ್ ಸಿವಿಲೈಸೇಶನ್ 1914-1919". ರಿಬ್ಬನ್ ಕಾಮನಬಿಲ್ಲಿನ ಬಣ್ಣ. ಮಿತ್ರ ದೇಶಗಳೆಲ್ಲ ತಮ್ಮ ತಮ್ಮದೇ ಮಾಡಿಸಿಕೊಂಡವು, ರಿಬ್ಬನ್ ಒಂದೇ, ಚಿತ್ರ ಬೇರೆ. ಹಿಂದಿನ ಬರಹ ಇಂಗ್ಲಿಷ್ ಜೊತೆ ಡಚ್‌ನಲ್ಲೂ ಇದ್ರೆ ದಕ್ಷಿಣ ಆಫ್ರಿಕಾದ್ದು, ಫ್ರೆಂಚ್‌ನಲ್ಲಿದ್ರೆ ಫ್ರಾನ್ಸ್‌ದು, ದೇಶಗಳ ಹೆಸರಿನ ಪಟ್ಟಿ ಇದ್ರೆ ಅಮೆರಿಕದ್ದು. ಅಮೆರಿಕದ್ದಕ್ಕೆ ಹೆಸರು ಒತ್ತಿರಲ್ಲ.

ಬೆಳ್ಳಿ ರೇಟ್ ಏರಿದಾಗೆಲ್ಲ, ಅದರಲ್ಲೂ 1980ರ ಸುಮಾರಿಗೆ, ವಾರ್ ಮೆಡಲ್‌ಗಳನ್ನ ರಾಶಿ ರಾಶಿ ಕರಗಿಸಿದಾರೆ. ಅದಕ್ಕೇ ವಿಕ್ಟರಿ ಒಂಟಿಯಾಗಿ ಸಿಗೋದು ಜಾಸ್ತಿ.

ನಕ್ಷತ್ರದ ಆಕಾರ ಇದೆ, ಹೆಸರು ಎಲ್ಲಿ?

ಹಿಂದೆ ನೋಡಿ. ನಾಲ್ಕು ಮೂಲೆ, ಅಡ್ಡ ಎರಡು ಕತ್ತಿ, ಕಂಚು ಇದ್ರೆ ಮೊದಲ ಮಹಾಯುದ್ಧದ್ದು, ಹೆಸರು ಹಿಂಬದಿ ಮಟ್ಟಸ ಜಾಗದಲ್ಲಿ ಮೂರು ಸಾಲಲ್ಲಿ ಒತ್ತಿರತ್ತೆ. ನಡುವೆ "1914-15" ಇದ್ರೆ ಸಾಮಾನ್ಯ ಸ್ಟಾರ್. "ಆಗಸ್ಟ್, 1914, ನವೆಂಬರ್" ಅಂತ ಮೂರು ಪಟ್ಟಿ ಇದ್ರೆ ಯುದ್ಧದ ಮೊದಲ ತಿಂಗಳುಗಳಲ್ಲೇ ಫ್ರಾನ್ಸ್, ಬೆಲ್ಜಿಯಂಗೆ ಹೋದವರದ್ದು.

ಆರು ಮೂಲೆ, ಹಿತ್ತಾಳೆ ಥರ ಹಳದಿ, ನಡುವೆ ರಾಜ ಜಾರ್ಜ್ ಹೆಸರಿನ ಜಿ.ಆರ್.ಐ. ಅಕ್ಷರ ಇದ್ರೆ ಎರಡನೇ ಮಹಾಯುದ್ಧದ್ದು. ಸುತ್ತ ಬಳೆಯಲ್ಲಿ ಆಫ್ರಿಕಾ, ಬರ್ಮಾ, ಇಟಲಿ, ಪೆಸಿಫಿಕ್ ಅಂತ ರಣರಂಗದ ಹೆಸರೇ ಇರತ್ತೆ, ಗುರುತು ಹಿಡಿಯೋಕೆ ಇದಕ್ಕಿಂತ ಸುಲಭದ್ದು ಇಲ್ಲ. ಆದ್ರೆ ಬ್ರಿಟನ್ ಸೈನಿಕರಿಗೆ ಇವನ್ನ ಹೆಸರಿಲ್ಲದೆ ಕೊಟ್ರು, ಆಸ್ಟ್ರೇಲಿಯಾ ಮತ್ತೆ ದಕ್ಷಿಣ ಆಫ್ರಿಕಾದವರಿಗೆ ಹೆಸರು ಹಾಕಿ ಕೊಟ್ರು. ಎರಡು ತಲೆ ಡ್ರ್ಯಾಗನ್ ಮೇಲೆ ಸಿಂಹ ನಿಂತಿದ್ರೆ 1939-45ರ ವಾರ್ ಮೆಡಲ್, ಭಾರತದ ನಕ್ಷೆ ಇದ್ರೆ ಇಂಡಿಯಾ ಸರ್ವಿಸ್ ಮೆಡಲ್.

ಅಂಚಲ್ಲಿ ಸಿಪಾಯ್, ಸೋವಾರ್ ಅಂತೆಲ್ಲ ಇದೆ?

ಹಾಗಿದ್ರೆ ಬ್ರಿಟಿಷ್ ಇಂಡಿಯನ್ ಆರ್ಮಿ ಅಥವಾ ಸಂಸ್ಥಾನಗಳ ಪಡೆಯವರದ್ದು. ಸಿಪಾಯಿ, ನಾಯಕ, ಹವಲ್ದಾರ ಪದಾತಿ ದಳದವರು, ಸೋವಾರ್ ಅಂದ್ರೆ ಕುದುರೆ ಸವಾರ. ಭಿಸ್ತಿ, ಕುಕ್, ಫಾಲೋವರ್ ಅಂತಲೂ ಇರತ್ತೆ, ಅಂದ್ರೆ ನೀರು ಹೊತ್ತೋರು, ಅಡುಗೆಯವರು, ಹೋರಾಡದೆ ಇದ್ದರೂ ರಣರಂಗದಲ್ಲೇ ಇದ್ದವರು. ಹಳೆಯ ಕೆಲವು ಮೆಡಲ್‌ಗಳಲ್ಲಿ ಸೈನಿಕನಿಗೆ ಬೆಳ್ಳಿ, ಇವರಿಗೆ ಕಂಚು, 1903-04ರ ಟಿಬೆಟ್ ಮೆಡಲ್ ಹಾಗೇ.

ಹೆಸರಿನ ಸ್ಪೆಲ್ಲಿಂಗ್ ನಂಬಬೇಡಿ. ಗುಮಾಸ್ತನ ಕಿವಿಗೆ ಕೇಳಿದ್ದು ಇಂಗ್ಲಿಷ್‌ನಲ್ಲಿ ಕೂತಿದೆ ಅಷ್ಟೆ, ಒಂದೇ ವ್ಯಕ್ತಿಯ ಹೆಸರು ಸ್ಟಾರ್ ಮೇಲೆ ಒಂದು ಥರ, ವಾರ್ ಮೆಡಲ್ ಮೇಲೆ ಇನ್ನೊಂದು ಥರ ಇರಬಹುದು. ಪಡೆಯ ಹೆಸರಲ್ಲೂ ಹುಷಾರಾಗಿರಿ, 1922ರಲ್ಲಿ ರೆಜಿಮೆಂಟ್‌ಗಳನ್ನ ಕೂಡಿಸಿ ಕಳೆದು ನಂಬರ್ ಎಲ್ಲ ಬದಲಾಯಿಸಿದ್ರು. ಕ್ಯು.ವಿ.ಓ. ಎಸ್ ಅಂಡ್ ಎಂ (ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಇಂಜಿನಿಯರ್ ಪಡೆ), ಮುಂದೆ 2 ಅಂತಿದ್ರೆ ಅದು ಮದ್ರಾಸ್ ಸ್ಯಾಪರ್ಸ್. ಮೈಸೂರು ಲ್ಯಾನ್ಸರ್ಸ್ ಅಂತ ಸಿಕ್ಕಿದ್ರಂತೂ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರಿನ ಮೇಲೆ ಕುದುರೆ ನುಗ್ಗಿಸಿದ ಪಡೆ ಅದು.

ಅಂಚು ಪೂರ್ತಿ ಖಾಲಿ, ಹೆಸರೇ ಇಲ್ಲ. ಡೂಪ್ಲಿಕೇಟ್ ಅಂತಾನಾ?

ಹಾಗೇನಿಲ್ಲ. ಎಷ್ಟೋ ಮೆಡಲ್‌ಗೆ ಮೊದಲಿಂದಲೇ ಹೆಸರಿಲ್ಲ. ಬ್ರಿಟನ್ನಿನಲ್ಲಿ ಎಲ್ಲಾ ದರ್ಜೆಯವರಿಗೂ ಹೆಸರು ಒತ್ತಿ ಕೊಟ್ಟಿದ್ದು 1815ರ ವಾಟರ್‌ಲೂ ಮೆಡಲ್‌ನಿಂದ ಈಚೆಗೆ. ಅದಕ್ಕೆ ಮುಂಚಿನ ಶ್ರೀರಂಗಪಟ್ಟಣ ಮೆಡಲ್ ನೋಡಿ, 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು, ಒಂದು ಕಡೆ ಸಿಂಹ ಹುಲಿಯನ್ನ ಕೆಡವಿರೋ ಚಿತ್ರ, ಇನ್ನೊಂದು ಕಡೆ ಕೋಟೆಗೆ ಲಗ್ಗೆ, ಕೆಳಗೆ ಪರ್ಷಿಯನ್ ಬರಹ. ದರ್ಜೆ ಪ್ರಕಾರ ಚಿನ್ನ, ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ತವರ. ಹೆಸರೂ ಇಲ್ಲ, ನೇತಾಕೋ ಕೊಂಡಿಯೂ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯದ್ದು 48 ಮಿಲಿಮೀಟರ್, ಕಲ್ಕತ್ತಾದ್ದು 45.

ಹೆಸರು ಇರಬೇಕಾದ ಮೆಡಲ್‌ನಲ್ಲೇ ಇಲ್ಲ ಅಂದ್ರೆ ಕ್ಯಾಲಿಪರ್ ತಗೊಳ್ಳಿ. 36 ಇರಬೇಕಾದ್ದು ಒಂದು ಕಡೆ 36, ತಿರುಗಿಸಿ ಅಳೆದ್ರೆ 35.6 ಬಂದ್ರೆ ಯಾರೋ ಅರ ಹಾಕಿ ಹೆಸರು ಅಳಿಸಿದಾರೆ. ಬೇರೆಯವರಿಗೆ ಮಾರೋಕೆ, ಅಡ ಇಡೋಕೆ, ಹೆಸರು ಕಾಣಬಾರದು ಅಂತ ಹೀಗೆ ಮಾಡ್ತಿದ್ರು. ಅಳತೆ 18 ಮಿಲಿಮೀಟರ್ ಆಸುಪಾಸಿದ್ರೆ ಅದು ಪಾರ್ಟಿ ಬಟ್ಟೆ ಮೇಲೆ ಹಾಕ್ಕೊಳ್ಳೋ ಮಿನಿಯೇಚರ್, ಅದಕ್ಕೆ ಸಾಮಾನ್ಯವಾಗಿ ಹೆಸರಿರಲ್ಲ.

ಶಿಲುಬೆ ಆಕಾರದ್ದು ಸಿಕ್ಕಿದೆ, ಅಯಸ್ಕಾಂತಕ್ಕೆ ಅಂಟುತ್ತೆ.

ಜರ್ಮನಿಯ ಐರನ್ ಕ್ರಾಸ್ ಇರಬಹುದು. ಒಳಗೆ ಎರಕದ ಕಬ್ಬಿಣ, ಸುತ್ತ ಬೆಳ್ಳಿ ಚೌಕಟ್ಟು. ಮಣ್ಣಲ್ಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬತ್ತೆ, ಚೌಕಟ್ಟು ಬಾಯಿ ಬಿಡತ್ತೆ, ಹಾಗೆ ಬಿರುಕು ಬಿಟ್ಟಿದ್ರೆ ಒತ್ತಿ ಕೂರಿಸೋಕೆ ಹೋಗಬೇಡಿ, ಮುರಿಯತ್ತೆ. ನಡುವೆ ಡಬ್ಲ್ಯು, ಮೇಲೆ ಕಿರೀಟ, ಕೆಳಗೆ 1914 ಇದ್ರೆ ಮೊದಲ ಯುದ್ಧ. ಹಿಂದೆ 1813 ನೋಡಿ ಇನ್ನೂರು ವರ್ಷ ಹಳೇದು ಅಂತ ಖುಷಿ ಪಡಬೇಡಿ, ಅದು ಪದಕ ಹುಟ್ಟಿದ ಇಸವಿ, 1939ರದ್ದರ ಹಿಂದೆಯೂ ಅದೇ ಇರತ್ತೆ. ಸ್ವಸ್ತಿಕ ಇರೋದನ್ನ ಜರ್ಮನಿಯಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸೋದು ಅಪರಾಧ, ಫೋಟೋ ಹಾಕೋವಾಗ ಗಮನ ಇರಲಿ.

ಕಬ್ಬಿಣದ್ದೇ, ನಡುವೆ ಹಾರದೊಳಗೆ 1914-1918 ಇದ್ರೆ 1934ರಲ್ಲಿ ಶುರುವಾದ ಹಿಂಡೆನ್‌ಬರ್ಗ್ ಕ್ರಾಸ್, ಕತ್ತಿ ಇದ್ರೆ ರಣರಂಗದಲ್ಲಿ ಇದ್ದವನದ್ದು. ಕಂಚಿನ ಶಿಲುಬೆ, ಅಡ್ಡ ಕತ್ತಿ, ಹಿಂದೆ 1914-1916, 1914-1917 ಥರ ಇಸವಿ ಇದ್ರೆ ಫ್ರಾನ್ಸಿನ ಕ್ರೋಆ ದ ಗೇರ್, ಅಂದ್ರೆ ಯುದ್ಧದ ಶಿಲುಬೆ.

ಸೋವಿಯತ್ ಪದಕಗಳಲ್ಲಿ ಹೆಸರಿಲ್ಲದಿದ್ರೂ ಆರ್ಡರ್ ಆಫ್ ದ ರೆಡ್ ಸ್ಟಾರ್ ಥರದ್ದರ ಹಿಂದೆ ಸೀರಿಯಲ್ ನಂಬರ್ ಇರತ್ತೆ, ಅದರಿಂದಲೂ ವ್ಯಕ್ತಿಯನ್ನ ಹಿಡಿಯೋಕೆ ಆಗತ್ತೆ. ಅಮೆರಿಕದ ಪರ್ಪಲ್ ಹಾರ್ಟ್ ಹೃದಯದ ಆಕಾರ, ವಾಷಿಂಗ್ಟನ್ ಮುಖ, ಹಿಂದೆ "ಫಾರ್ ಮಿಲಿಟರಿ ಮೆರಿಟ್", ಅದರ ಕೆಳಗೆ ಕೆಲವಕ್ಕೆ ಹೆಸರು ಕೆತ್ತಿರತ್ತೆ.

ಬೆಳ್ಳಿನಾ ಅಲ್ವಾ ಅಂತ ಗೀರದೆ ಗೊತ್ತು ಮಾಡ್ಕೊಳ್ಳೋದು ಹೇಗೆ?

ನೀರಲ್ಲಿ ತೂಗಿ. 0.01 ಗ್ರಾಂ ತೋರಿಸೋ ಸಣ್ಣ ತಕ್ಕಡಿ ಬೇಕು. ಮೊದಲು ಒಣಗಿದ ಮೆಡಲ್ ತೂಕ ಬರ್ಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ಮೆಡಲ್‌ನ ದಾರದಲ್ಲಿ ಕಟ್ಟಿ ನೀರೊಳಗೆ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ, ತಳಕ್ಕೂ ಗೋಡೆಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸೋ ಅಂಕಿಯಿಂದ ಮೊದಲಿನ ತೂಕವನ್ನ ಭಾಗಿಸಿ. 31 ಗ್ರಾಂ ಮೆಡಲ್‌ಗೆ ನೀರಲ್ಲಿ 3.0 ತೋರಿಸಿದ್ರೆ 10.3 ಬರತ್ತೆ, ಬೆಳ್ಳಿ. 3.5 ತೋರಿಸಿದ್ರೆ 8.9ರ ಹತ್ತಿರ, ಕಂಚೋ ಕುಪ್ರೋನಿಕಲ್ಲೋ (ತಾಮ್ರ ನಿಕಲ್ ಬೆರೆಸಿದ ಲೋಹ) ಇರಬೇಕು. ಮಣ್ಣು, ಗಟ್ಟಿ ಹಸಿರು ಅಂಟಿದ್ರೆ ಲೆಕ್ಕ ಸ್ವಲ್ಪ ಕೆಳಗೆ ಬರತ್ತೆ. ಡಿಟೆಕ್ಟರ್ ತೋರಿಸಿದ ನಂಬರ್ ನೋಡಿ ಬೆಳ್ಳಿ ಅಂತ ತೀರ್ಮಾನ ಮಾಡೋರಿದಾರೆ, ದಪ್ಪ ತಾಮ್ರಕ್ಕೂ ಅದೇ ನಂಬರ್ ಬರತ್ತೆ.

ಮೆಡಲ್ ಇಲ್ಲ, ಊರ ಹೆಸರಿರೋ ಒಂದು ಪಟ್ಟಿ ಮಾತ್ರ ಸಿಕ್ಕಿದೆ.

ಅದು ಕ್ಲಾಸ್ಪ್, ರಿಬ್ಬನ್ ಮೇಲೆ ಕೂರೋ ಪಟ್ಟಿ, ಯಾವ ಕಾರ್ಯಾಚರಣೆಯಲ್ಲಿದ್ದ ಅಂತ ಹೇಳತ್ತೆ. "ಕೇಪ್ ಕಾಲನಿ", "ಡಿಫೆನ್ಸ್ ಆಫ್ ಲೇಡಿಸ್ಮಿತ್" ಅಂತಿದ್ರೆ 1899-1902ರ ದಕ್ಷಿಣ ಆಫ್ರಿಕಾ ಯುದ್ಧದ ಮೆಡಲ್‌ದು, "ವಜೀರಿಸ್ತಾನ್ 1919-21" ಇದ್ರೆ 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್‌ದು. ಪಟ್ಟಿ ಮೇಲೆ ಹೆಸರಿರಲ್ಲ. ಮೆಡಲ್ ಅಲ್ಲೇ ಎಲ್ಲೋ ಬಿದ್ದಿರಬಹುದು, ಆ ಜಾಗ ಇನ್ನೊಂದ್ಸಲ ಸ್ಕ್ಯಾನ್ ಮಾಡಿ.

ಸೈನಿಕ ಅಲ್ಲೇ ಸತ್ತಿರಬೇಕು ಅಲ್ವಾ? ಅವನ ಎದೆಯಿಂದ ಬಿದ್ದಿದ್ದಾ?

ಈ ಪ್ರಶ್ನೆ ಇಲ್ಲದ ದಿನ ಇಲ್ಲ. ಬ್ರಿಟಿಷ್ ವಾರ್ ಮೆಡಲ್ ಘೋಷಣೆ ಆಗಿದ್ದೇ 1919ರಲ್ಲಿ, ಯುದ್ಧ ಮುಗಿದ ಮೇಲೆ. ಆಮೇಲೆ ವರ್ಷಗಟ್ಟಲೆ ಪೋಸ್ಟಲ್ಲಿ ಮನೆಗೆ ಕಳಿಸಿದ್ರು. ಅಂದ್ರೆ 1916ರ ಕಂದಕದಲ್ಲಿ ಅದು ಬೀಳೋ ಪ್ರಶ್ನೆನೇ ಇಲ್ಲ. ಐರನ್ ಕ್ರಾಸ್, ಕ್ರೋಆ ದ ಗೇರ್ ಇಂಥವನ್ನ ಯುದ್ಧ ನಡೀತಿರೋವಾಗಲೇ ಕೊಡ್ತಿದ್ರು, ಅವು ರಣರಂಗದಲ್ಲಿ ಬಿದ್ದಿರಬಹುದು. ಈ ಒಂದು ವ್ಯತ್ಯಾಸ ಇಟ್ಕೊಂಡ್ರೆ ಅರ್ಧ ಕಟ್ಟುಕಥೆ ಅಲ್ಲೇ ಉದುರಿ ಹೋಗತ್ತೆ.

ಹಾಗಾದ್ರೆ ಹೊಲಕ್ಕೆ ಹೇಗೆ ಬಂತು? ಮಕ್ಕಳು ಅಜ್ಜನ ಮೆಡಲ್ ತಗೊಂಡು ಹೋಗಿ ಆಟ ಆಡಿ ಕಳೆದಿರ್ತಾರೆ. ಪಟ್ಟಣದ ಕಸ ಗೊಬ್ಬರದ ಜೊತೆ ಹೊಲಕ್ಕೆ ಬಂದಿರತ್ತೆ. ಹಾಕ್ಕೊಂಡು ಉಳೋಕೆ, ಮೆರವಣಿಗೆಗೆ ಹೋದಾಗ ಕೊಂಡಿ ಸವೆದು ಬಿದ್ದಿರತ್ತೆ. ಕೆಲವರು ಸಿಟ್ಟಲ್ಲಿ ಬೇಕಂತಲೇ ಎಸೆದಿರೋದೂ ಉಂಟು. ಮೇಲಿನ ಕೊಂಡಿ ಮುರಿದಿದೆಯಾ, ಸವೆದಿದೆಯಾ, ಅಥವಾ ಬ್ರೂಚ್ ಮಾಡೋಕೆ ಕತ್ತರಿಸಿ ಬೆಸುಗೆ ಹಾಕಿದಾರಾ ಅಂತ ಭೂತಗನ್ನಡಿಯಲ್ಲಿ ನೋಡಿ, ಅದರಲ್ಲೇ ಸ್ವಲ್ಪ ಉತ್ತರ ಇರತ್ತೆ.

ಹೆಸರು ಓದಿದೆ. ಈಗ ಎಲ್ಲಿ ಹುಡುಕ್ಲಿ?

ಬ್ರಿಟನ್ ಸೈನಿಕನಾದ್ರೆ ಲಂಡನ್ನಿನ ಕ್ಯೂನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನ ಮೆಡಲ್ ಇಂಡೆಕ್ಸ್ ಕಾರ್ಡ್ ಮೊದಲು. ಯಾವ್ಯಾವ ಮೆಡಲ್, ಯಾವ್ಯಾವ ಪಡೆ ಅಂತ ಒಂದೇ ಕಾರ್ಡಲ್ಲಿ ಇರತ್ತೆ. ಪೂರ್ತಿ ಸೇವಾ ದಾಖಲೆ ಸಿಗೋದು ಅದೃಷ್ಟ, 1940ರ ಸೆಪ್ಟೆಂಬರ್‌ನ ಬಾಂಬ್ ದಾಳಿಯಲ್ಲಿ ಮೊದಲ ಯುದ್ಧದ ಸಿಪಾಯಿಗಳ ಕಡತದಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟು ಹೋಯ್ತು, ಉಳಿದಿದ್ದರಲ್ಲೂ ಅಂಚು ಸುಟ್ಟಿದ್ದು, ನೀರು ಬಿದ್ದಿದ್ದೇ ಜಾಸ್ತಿ. ಸತ್ತವನಾದ್ರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಸೈಟಲ್ಲಿ ಹೆಸರು ಹಾಕಿ, ಎರಡೂ ಯುದ್ಧದ 17 ಲಕ್ಷ ಜನರ ಹೆಸರಿದೆ, ಭಾರತೀಯರೂ ಸೇರಿ, ಫ್ರೀ.

ಆಸ್ಟ್ರೇಲಿಯಾ, ಕೆನಡಾದವರದ್ದು ಪುಣ್ಯ, ಮೊದಲ ಯುದ್ಧದ ಕಡತ ಪೂರ್ತಿ ಸ್ಕ್ಯಾನ್ ಮಾಡಿ ಆನ್‌ಲೈನ್ ಇಟ್ಟಿದಾರೆ, ಎತ್ತರ, ಕಣ್ಣಿನ ಬಣ್ಣ, ಮಚ್ಚೆ ಸಮೇತ. ಫ್ರಾನ್ಸಿನವರಿಗೆ ಮೆಮ್ವಾರ್ ದೆಸ್ ಓಮ್, ರಷ್ಯಾದವರಿಗೆ ಪಾಮ್ಯಾತ್ ನರೋದಾ ಅನ್ನೋ ವೆಬ್ ಸೈಟು ನೋಡಿ. ಅಮೆರಿಕದಲ್ಲಿ 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತ ಹೋಯ್ತು. ಪ್ರಷ್ಯಾ ಸೈನ್ಯದ್ದು 1945ರಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಸುಟ್ಟಿತು.

ಭಾರತೀಯ ಸಿಪಾಯಿ ಬದುಕಿ ಬಂದಿದ್ರೆ ಹುಡುಕೋದು ಕಷ್ಟ. ಪಂಜಾಬಿನ ಸುಮಾರು 3,20,000 ಸೈನಿಕರ ರಿಜಿಸ್ಟರ್‌ಗಳು ಲಾಹೋರ್ ಮ್ಯೂಸಿಯಂನಲ್ಲಿ ಇದ್ದಿದ್ದು ಈಗ ಡಿಜಿಟಲ್ ಆಗ್ತಿದೆ, ಹಳ್ಳಿ ಹಳ್ಳಿ ಪ್ರಕಾರ. ಬೇರೆ ಪ್ರಾಂತ್ಯದವರಿಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆ, ರೆಜಿಮೆಂಟ್ ಸೆಂಟರ್, ಇವನ್ನೇ ಕೇಳ್ಬೇಕು.

ಇಟ್ಕೋಬಹುದಾ? ಕಾನೂನು ಏನ್ ಹೇಳತ್ತೆ?

ದೇಶಕ್ಕೊಂದು ಥರ, ಅಗೆಯೋಕೆ ಮುಂಚೆನೇ ನೋಡ್ಕೋಬೇಕಾದ್ದು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಒಂಟಿ 20ನೇ ಶತಮಾನದ ಮೆಡಲ್ ಸಾಮಾನ್ಯವಾಗಿ 1996ರ ಟ್ರೆಷರ್ ಆಕ್ಟ್ ಕೆಳಗೆ ಬರಲ್ಲ, ಜಮೀನಿನವರ ಜೊತೆ ಮಾತಾಡಿಕೊಂಡಿದ್ದೇ ಲೆಕ್ಕ, ಅದೂ ಬರವಣಿಗೆಯಲ್ಲಿ ಇದ್ರೆ ಒಳ್ಳೇದು. ಆದ್ರೆ ಮಿಲಿಟರಿ ವಿಮಾನ ಬಿದ್ದ ಜಾಗ ಅಂತ ಅನುಮಾನ ಬಂದ್ರೆ, ಸುತ್ತ ಅಲ್ಯೂಮಿನಿಯಂ ಚೂರು ಸಿಗ್ತಾ ಇದ್ರೆ ನಿಲ್ಲಿಸಿ, 1986ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಅಲ್ಲಿ ಅಗೆಯೋ ಹಾಗಿಲ್ಲ. ಫ್ರಾನ್ಸ್‌ನಲ್ಲಿ ಪುರಾತನ ವಸ್ತು ಹುಡುಕೋಕೆ ಡಿಟೆಕ್ಟರ್ ಬಳಸಬೇಕಂದ್ರೆ ಮೊದಲೇ ಅನುಮತಿ ಬೇಕು. ಭಾರತದಲ್ಲಿ 1878ರ ಟ್ರೆಷರ್ ಟ್ರೋವ್ ಕಾಯ್ದೆ ಇನ್ನೂ ಇದೆ, ನೆಲದಲ್ಲಿ ಹುದುಗಿದ್ದ 10 ರೂಪಾಯಿಗಿಂತ ಬೆಲೆ ಬಾಳೋ ನಿಧಿ ಸಿಕ್ಕಿದ್ರೆ ಕಲೆಕ್ಟರ್‌ಗೆ ತಿಳಿಸ್ಬೇಕು, ನೂರು ವರ್ಷ ದಾಟಿದ್ದಾದ್ರೆ 1972ರ ಪುರಾತನ ವಸ್ತು ಕಾಯ್ದೆಯೂ ಬರತ್ತೆ, ಹೊರದೇಶಕ್ಕೆ ಕಳಿಸೋ ಹಾಗಿಲ್ಲ.

ಬೆಲೆ ಎಷ್ಟು? ಮಾರ್ಲಾ, ಮನೆಯವರಿಗೆ ಕೊಡ್ಲಾ?

ಮಣ್ಣಲ್ಲಿದ್ದ ಒಂಟಿ ವಾರ್ ಮೆಡಲ್‌ಗೆ ಬೆಳ್ಳಿ ಬೆಲೆಗಿಂತ ಸ್ವಲ್ಪ ಮೇಲೆ ಸಿಗತ್ತೆ, ಅಷ್ಟೇನೂ ಇಲ್ಲ. ಬೆಲೆ ಏರೋದು ಹೆಸರಿನಿಂದ. ಒಂದೇ ಮೆಡಲ್, ಒಬ್ಬನದ್ದು ಡಿಪೋದಲ್ಲಿ ಲೆಕ್ಕ ಬರೀತಿದ್ದವನದ್ದು, ಇನ್ನೊಬ್ಬನದ್ದು ಸೊಮ್ ಯುದ್ಧದ ಮೊದಲ ದಿನ 1916ರ ಜುಲೈ 1ರಂದು ಸತ್ತವನದ್ದು, ಬೆಲೆ ಒಂದೇ ಇರಲ್ಲ. "ಫಾರ್ ಬ್ರೇವರಿ ಇನ್ ದ ಫೀಲ್ಡ್" ಅಂತಿರೋ ಮಿಲಿಟರಿ ಮೆಡಲ್ ಆದ್ರೆ ಅದು ಶೌರ್ಯಕ್ಕೆ ಕೊಟ್ಟಿದ್ದು, ಮಾರೋ ಮಾತಿಗೆ ಮುಂಚೆ ತಿಳಿದೋರಿಗೆ ತೋರಿಸಿ.

ನನ್ನ ಕೇಳಿದ್ರೆ ಮೊದಲು ಮನೆಯವರನ್ನ ಹುಡುಕಿ. ಹುಡುಕೋವಾಗ ಅಂಚಿನ ಬರಹ ಪೂರ್ತಿ ಬಯಲು ಮಾಡಬೇಡಿ, ಮನೆತನದ ಹೆಸರು, ಪಡೆ ಹೇಳಿ, ನಂಬರ್ ಮುಚ್ಚಿಡಿ. ನಮ್ಮ ಮುತ್ತಜ್ಜಂದು ಅಂತ ಬಂದವರ ಹತ್ರ ಸೈನಿಕನ ಸಂಬಳದ ಹಳೇ ಪೇಬುಕ್ಕೋ, ಕಾಗದವೋ ಇದ್ದು ನಂಬರ್ ಅವರೇ ಹೇಳಿದ್ರೆ ನಂಬಬಹುದು. ಪರ್ಪಲ್ ಹಾರ್ಟ್ ಆದ್ರೆ ಪರ್ಪಲ್ ಹಾರ್ಟ್ಸ್ ರಿಯುನೈಟೆಡ್ ಅನ್ನೋ ಸಂಸ್ಥೆ ಇದನ್ನೇ ಮಾಡತ್ತೆ.

ನಕಲಿ ಅಂತ ಹೇಗೆ ಗೊತ್ತಾಗತ್ತೆ?

ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಮೇಲ್ಮೈ ಮೇಲೆ ಸೂಜಿಮೊನೆಯಷ್ಟು ತೂತುಗಳು, ಅಂಚಿನ ಸುತ್ತ ಒಂದು ಗೆರೆ, ಕೂದಲು ಮುಖ ಎಲ್ಲ ಸೋಪಿನಂಗೆ ನುಣ್ಣಗೆ. ಲೋಹ ಆರುವಾಗ ಕುಗ್ಗೋದ್ರಿಂದ ಅಳತೆ ಅಸಲಿಗಿಂತ ಸ್ವಲ್ಪ ಕಮ್ಮಿ ಬರತ್ತೆ. "ಕಾಪಿ", "ರಿಪ್ಲೇಸ್‌ಮೆಂಟ್" ಅಂತ ಅಂಚಲ್ಲೇ ಒತ್ತಿರೋದೂ ಉಂಟು, ಎರಡನೇದು ನಕಲಿ ಅಲ್ಲ, ಕಳೆದುಕೊಂಡವನಿಗೆ ಸರ್ಕಾರವೇ ಮತ್ತೆ ಕೊಟ್ಟಿದ್ದು.

ಇಷ್ಟೆಲ್ಲ ಆದ ಮೇಲೂ ಗೊತ್ತಾಗ್ಲಿಲ್ಲ, ಕೇಳೋವಾಗ ಏನೇನು ಕೊಡ್ಲಿ?

ಮುಂದೆ, ಹಿಂದೆ, ಅಂಚು ಪೂರ್ತಿ ಸುತ್ತ, ಮೇಲಿನ ಕೊಂಡಿ ಹತ್ತಿರದಿಂದ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ, ನಾಣ್ಯ ಇಡಬೇಡಿ, ಆ ನಾಣ್ಯ ಎಷ್ಟು ದೊಡ್ಡದು ಅಂತ ನೋಡೋರಿಗೆ ಗೊತ್ತಿರಲ್ಲ. ಅಗಲ ಮಿಲಿಮೀಟರ್‌ನಲ್ಲಿ, ತೂಕ, ಅಯಸ್ಕಾಂತಕ್ಕೆ ಅಂಟುತ್ತಾ ಇಲ್ವಾ, ಯಾವ ದೇಶದಲ್ಲಿ ಎಂಥಾ ನೆಲದಲ್ಲಿ ಸಿಕ್ತು. ನಿಖರ ಜಾಗ ಎಲ್ಲರ ಮುಂದೆ ಹೇಳಬೇಡಿ, ರಾತ್ರೋರಾತ್ರಿ ಬೇರೆಯವರು ಅಗೆದು ಹೋಗ್ತಾರೆ. ಓದೋಕೆ ಬಂದ ಅಕ್ಷರ ಬಂದ ಹಾಗೇ ಬರೀರಿ, ಕಾಣದ ಕಡೆ ಚುಕ್ಕಿ ಹಾಕಿ, ಊಹೆ ಮಾಡಿ ತುಂಬಿಸಬೇಡಿ, ನಿಮ್ಮ ಊಹೆ ಹಿಡ್ಕೊಂಡು ನಾಲ್ಕು ಜನ ಬೇರೆ ಯಾರದ್ದೋ ಕಾರ್ಡ್ ಹುಡುಕ್ತಾ ಕೂರ್ತಾರೆ.